ಒಂದೇ ಸುಗ್ಗಿಯ ಬೊಂಡಾಸ್

ಜತ್ತ ತಾಲ್ಲೂಕಿನ ದರಿಬಡಚಿಯಂಥ ಊರಿನ ಓದುಗರ ಮುಂದೆ ಕಡಲ ಪ್ರಾಣಿಯೊಂದರ ಬಸಿರಿನ ಮಾತು ತೆಗೆದರೆ ನಗುವವರೇ ಹೆಚ್ಚು. ಸಹ್ಯಾದ್ರಿ ದಾಟುವಷ್ಟರಲ್ಲಿ ಬರಿದಾಗಿ ಬರುವ ಮೋಡಗಳ ನೆಲ ಇದು. ಈ ತಾಲ್ಲೂಕಿನಲ್ಲಿ ಹುಟ್ಟುವ ಡೋಣಿ ನದಿ ಕೂಡ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ, ವಿಜಯಪುರದ ಕಡೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಆದರೂ ಹಿಂಗಾರಿ ಜೋಳ ಬೆಳೆದು ಗೊತ್ತಿರುವವರಿಗೆ ಈ ಪ್ರಾಣಿಯ ಬದುಕು ಕಡಲ ದಂಡೆಯವರಿಗಿಂತ ಬೇಗ ಅರ್ಥವಾಗಬಹುದು ಎಂದು ನನಗನಿಸುತ್ತದೆ.

ಹಿಂಗಾರಿ ಜೋಳಕ್ಕೆ ಇರುವುದು ಒಂದೇ ಸುಗ್ಗಿ. ಹಸಿ ಇದ್ದರೆ ದಂಟು ಎತ್ತರಕ್ಕೆ ಹೋಗುತ್ತದೆ, ತೆನೆ ತಡವಾದರೂ ದೊಡ್ಡದಾಗುತ್ತದೆ. ಹಸಿ ಕೈಕೊಟ್ಟರೆ ಮೊಣಕಾಲೆತ್ತರದ ದಂಟೇ ಅವಸರಕ್ಕೆ ಬಿದ್ದು ಬೆರಳಷ್ಟು ತೆನೆ ಹಾಯುತ್ತದೆ. ಕಾಳು ಬಲಿಯುವ ಹೊತ್ತಿಗೆ ಎಲೆಯ ಸತ್ವ, ದಂಟಿನ ಸತ್ವ ಮೇಲಕ್ಕೇರಿ, ಕೆಳಗೆ ಉಳಿಯುವುದು ಕಣಿಕೆ. ಮುಂದಿನ ವರ್ಷಕ್ಕೆ ಗಿಡ ಇಲ್ಲ, ಬೀಜ ಮಾತ್ರ ಇದೆ. ಮಂಗಳೂರು, ಮಲ್ಪೆ, ಗಂಗೊಳ್ಳಿಯ ದಕ್ಕೆಗಳಲ್ಲಿ ಬುಟ್ಟಿಗಟ್ಟಲೆ ಇಳಿಯುವ ಬೊಂಡಾಸ್, ಅಂದರೆ ಸ್ಕ್ವಿಡ್, ಬದುಕುವುದೂ ಹೆಚ್ಚುಕಡಿಮೆ ಹೀಗೆಯೇ. ಬೆಳೆಯಬೇಕೋ ಮೊಟ್ಟೆ ಕಟ್ಟಬೇಕೋ ಎಂಬ ಲೆಕ್ಕವನ್ನು ಹೆಣ್ಣು ಬೊಂಡಾಸ್ ಒಂದು ವರ್ಷದೊಳಗೆ, ಎಷ್ಟೋ ಸಲ ಅದಕ್ಕೂ ಮೊದಲೇ, ಮುಗಿಸಬೇಕು.

ರತ್ನಾಗಿರಿ ಕಡೆಯವರು ಮಾಕೂಳ ಎನ್ನುವ ಗುಂಪಿನದೇ ಈ ಜೀವಿ. ಮೀನಿನ ಜೊತೆ ಮಾರಾಟವಾದರೂ ಇದು ಮೀನಲ್ಲ. ಬಸವನಹುಳು, ಕಪ್ಪೆಚಿಪ್ಪುಗಳ ಬಳಗದ ಮೃದ್ವಂಗಿ. ನಮ್ಮ ಪಶ್ಚಿಮ ಕರಾವಳಿಯ ಬಲೆಗೆ ಹೆಚ್ಚಾಗಿ ಬೀಳುವ ಜಾತಿಯನ್ನು ವಿಜ್ಞಾನ ಯುರೊಟ್ಯೂಥಿಸ್ ಡುವೌಸೆಲಿ ಎಂದು ಕರೆಯುತ್ತದೆ. ಫ್ರಾನ್ಸಿನ ಡಾರ್ಬಿನ್ಯಿ ಎಂಬ ಪ್ರಕೃತಿ ವಿಜ್ಞಾನಿ 1835ರಲ್ಲಿ ಇದನ್ನು ವರ್ಣಿಸಿದ. ಅದರ ಬದುಕನ್ನು ನಮ್ಮ ಕಡಲಲ್ಲೇ ಅಳೆದು ನೋಡುವ ಕೆಲಸ ಬಹಳ ತಡವಾಗಿ ಶುರುವಾಯಿತು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ 1985ರಲ್ಲಿ ಈ ಬಳಗದ ಬಗ್ಗೆ ದೊಡ್ಡದೊಂದು ಸಂಪುಟ ತಂದಿತು. 1988ರಲ್ಲಿ ಜಿ. ಸುಧಾಕರ ರಾವ್ ಮಂಗಳೂರಿನ ಬೊಂಡಾಸ್‌ನ ಜೀವನಕ್ರಮದ ಬಗ್ಗೆ ಬರೆದರು. 1990ರ ದಶಕದಲ್ಲಿ ಕೆ. ಸುನಿಲ್ ಮೊಹಮ್ಮದ್ ಅದರ ಬೆಳವಣಿಗೆ, ಸಾವು, ದಾಸ್ತಾನುಗಳ ಲೆಕ್ಕ ಹಾಕಿದರು.

ಲೆಕ್ಕಕ್ಕೆ ಮೊದಲು ಒಳಗೆ ಏನಿದೆ ನೋಡೋಣ. ಬೊಂಡಾಸ್‌ನ ಮೈ ಒಂದು ಕೊಳವೆ. ಇದನ್ನು ಮ್ಯಾಂಟಲ್ ಎನ್ನುತ್ತಾರೆ; ಪ್ರಾಣಿಯ ಅಳತೆ ಎಂದರೆ ಈ ಕೊಳವೆಯ ಉದ್ದವೇ, ತಲೆಯೂ ತೋಳುಗಳೂ ಲೆಕ್ಕಕ್ಕಿಲ್ಲ. ಕರಾವಳಿಯ ಅಡುಗೆಮನೆಯಲ್ಲಿ ಸುಕ್ಕಕ್ಕೆಂದು ಇದನ್ನು ಸ್ವಚ್ಛ ಮಾಡುವವರು ತಲೆ ಹಿಡಿದು ಎಳೆದಾಗ ಒಳಗಿನದೆಲ್ಲ ಒಟ್ಟಿಗೆ ಬರುತ್ತದೆ. ಪಾರದರ್ಶಕವಾದ ಗರಿ, ಮಸಿಚೀಲ, ಕಿವಿರು, ಕರುಳು. ಕೆಲವದರಲ್ಲಿ ಮಾತ್ರ ಹೊಟ್ಟೆಯ ನಡುವೆ ಜೋಡಿಯಾಗಿ ಎರಡು ಬಿಳಿ ಗಡ್ಡೆಗಳು ಸಿಗುತ್ತವೆ. ಅದೇ ಮೊಟ್ಟೆ ಎಂದುಕೊಳ್ಳುವವರು ಬಹಳ. ಅವು ಮೊಟ್ಟೆಯಲ್ಲ, ಮೊಟ್ಟೆಗೆ ಹೊದಿಕೆ ನೇಯುವ ಗ್ರಂಥಿಗಳು. ನಿಡಮೆಂಟಲ್ ಗ್ರಂಥಿ ಎಂದು ಅವುಗಳ ಹೆಸರು. ನಿಜವಾದ ಅಂಡಾಶಯ ಕೊಳವೆಯ ತುದಿಯಲ್ಲಿ, ಮೊನಚಾದ ಭಾಗದ ಒಳಗಿರುತ್ತದೆ.

ಎಳೆಯ ಹೆಣ್ಣಿನಲ್ಲಿ ಈ ಗ್ರಂಥಿಗಳು ಕಣ್ಣಿಗೆ ಬೀಳದಷ್ಟು ಸಣ್ಣ ಪಟ್ಟಿಗಳು. ಅಂಡಾಶಯವೂ ತೆಳು ಪೊರೆಯಂತೆ ಅಂಟಿಕೊಂಡಿರುತ್ತದೆ. ಪ್ರಾಯ ಬರುತ್ತಿದ್ದಂತೆ ಪಟ್ಟಿಗಳು ಉಬ್ಬಿ ಬೆಳ್ಳಗಾಗುತ್ತವೆ, ಅಂಡಾಶಯದಲ್ಲಿ ಕಾಳು ಕಾಳಾದ ಮೊಟ್ಟೆಗಳು ಮೂಡುತ್ತವೆ. ಪೂರ್ತಿ ಬಲಿತ ಮೊಟ್ಟೆ ಪಾರದರ್ಶಕವಾಗಿ, ಹಳದಿ ಛಾಯೆ ತಳೆದು ಅಂಡನಾಳಕ್ಕೆ ಇಳಿದು ಕಾಯುತ್ತದೆ. ಒಂದೇ ಹೆಣ್ಣಿನ ಒಳಗೆ ಎಲ್ಲ ಹಂತದ ಮೊಟ್ಟೆಗಳೂ ಇರುತ್ತವೆ: ಇಳಿಯಲು ಸಿದ್ಧವಾದವು ಕೆಲವು, ಈಗಷ್ಟೇ ಹಳದಿ ಲೋಳೆ ತುಂಬಿಕೊಳ್ಳುತ್ತಿರುವವು ಕೆಲವು, ಇನ್ನೂ ಚುಕ್ಕೆಯಷ್ಟೇ ಇರುವವು ಬೇಕಾದಷ್ಟು. ಸಂಶೋಧಕರು ಪ್ರಾಯವನ್ನು ಹಂತಗಳಾಗಿ ವಿಂಗಡಿಸುವಾಗ ನೋಡುವುದು ಇವನ್ನೇ. ದಕ್ಕೆಯ ಬದಿಯ ಮೇಜಿನ ಮೇಲೆ ಹೊಟ್ಟೆ ಬಿಡಿಸಿ, ಗ್ರಂಥಿಯ ಉದ್ದ ಅಳೆದು, ಅಂಡಾಶಯ ತೂಗಿ, ಮೈತೂಕದ ಎಷ್ಟನೇ ಪಾಲು ಎಂದು ಬರೆದುಕೊಳ್ಳುತ್ತಾರೆ. ವಾಸನೆಯ ಕೆಲಸ, ಆದರೆ ನಂಬಿಕೆಗೆ ಅರ್ಹವಾದದ್ದು.

ಇಷ್ಟರಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಒಂದಿದೆ. ಬಿಳಿ ಗಡ್ಡೆಗಳ ಪಕ್ಕದಲ್ಲೇ ಇನ್ನೊಂದು ಜೋಡಿ ಸಣ್ಣ ಗ್ರಂಥಿಗಳು ಇರುತ್ತವೆ. ಎಳೆಯ ಹೆಣ್ಣಿನಲ್ಲಿ ಅವು ಬಣ್ಣಗೆಟ್ಟಂತೆ ಮಸುಕು, ಪ್ರಾಯ ತುಂಬಿದಾಗ ಕಿತ್ತಳೆ ಕೆಂಪು. ಈ ಕೆಂಪು ಬೊಂಡಾಸ್‌ನ ಸ್ವಂತದ್ದಲ್ಲ. ಗ್ರಂಥಿಯ ಸಣ್ಣ ಸಣ್ಣ ನಳಿಕೆಗಳಲ್ಲಿ ಮನೆ ಮಾಡಿರುವ ಬ್ಯಾಕ್ಟೀರಿಯಾಗಳ ಬಣ್ಣ ಅದು. ಕಡಲ ನೀರಿನಿಂದ ಆರಿಸಿಕೊಂಡ ಈ ಒಕ್ಕಲುಗಳನ್ನು ತಾಯಿ ತನ್ನ ಹೊಟ್ಟೆಯಲ್ಲಿ ಸಾಕಿ, ಮೊಟ್ಟೆಯ ಹೊದಿಕೆಯೊಳಗೆ ಬೆರೆಸಿ ಕಳಿಸುತ್ತಾಳೆ. ಏಕೆ ಎಂಬುದಕ್ಕೆ ಉತ್ತರ ಬಂದದ್ದು ಹವಾಯಿಯ ಒಂದು ಗಿಡ್ಡ ಸ್ಕ್ವಿಡ್‌ನಿಂದ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ತೋರಿಸಿಕೊಟ್ಟಂತೆ, ಈ ಬ್ಯಾಕ್ಟೀರಿಯಾಗಳನ್ನು ಔಷಧ ಹಾಕಿ ತೆಗೆದುಬಿಟ್ಟರೆ ಮೊಟ್ಟೆಗಳಿಗೆ ಬೂಷ್ಟು ಹತ್ತಿ ಹಾಳಾಗುತ್ತವೆ. ತಾಯಿ ಕಾವಲು ಕೂರುವುದಿಲ್ಲ. ಅವಳ ಬದಲಿಗೆ ಕಾವಲು ಕಾಯುವವು ಇವು.

ಯಾವಾಗ ಪ್ರಾಯಕ್ಕೆ ಬರಬೇಕು ಎಂದು ಹೇಳುವವರು ಯಾರು? ಆಕ್ಟೋಪಸ್‌ನಲ್ಲಿ ಇದಕ್ಕೆ ಮೊದಲ ಸುಳಿವು ಸಿಕ್ಕಿತು. ಮಾರ್ಟಿನ್ ವೆಲ್ಸ್ ಮತ್ತು ಜಾಯ್ಸ್ ವೆಲ್ಸ್ ದಂಪತಿ ಇಟಲಿಯ ನೇಪಲ್ಸ್‌ನಲ್ಲಿ ಮಾಡಿದ ಪ್ರಯೋಗಗಳನ್ನು 1959ರಲ್ಲಿ ಪ್ರಕಟಿಸಿದರು. ಕಣ್ಣಿನಿಂದ ಮೆದುಳಿಗೆ ಹೋಗುವ ದಾರಿಯಲ್ಲಿ, ಎರಡೂ ಕಡೆ, ಆಪ್ಟಿಕ್ ಗ್ರಂಥಿ ಎಂಬ ಪುಟ್ಟ ಗುಂಡುಗಳಿವೆ. ಮೆದುಳು ಅವನ್ನು ಸದಾ ಅದುಮಿ ಹಿಡಿದಿರುತ್ತದೆ. ಆ ಹಿಡಿತ ಸಡಿಲಿಸಿದರೆ ಗ್ರಂಥಿ ಉಬ್ಬುತ್ತದೆ, ಅಂಡಾಶಯ ಹೊತ್ತಿಗೆ ಮುಂಚೆಯೇ ಬಲಿಯುತ್ತದೆ. ಕಣ್ಣಿನ ನರ ಕತ್ತರಿಸಿದರೂ ಇದೇ ಫಲ. ಅಂದರೆ ಬೆಳಕಿಗೂ ಬಸಿರಿಗೂ ನಂಟಿದೆ. ಜೆರೋಮ್ ವೊಡಿನ್‌ಸ್ಕಿ 1977ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮೊಟ್ಟೆಯಿಟ್ಟು ಉಪವಾಸ ಬಿದ್ದ ಆಕ್ಟೋಪಸ್ ತಾಯಂದಿರಿಂದ ಆ ಗ್ರಂಥಿಗಳನ್ನು ತೆಗೆದಾಗ ಅವು ಮೊಟ್ಟೆಗಳನ್ನು ಬಿಟ್ಟು, ಮತ್ತೆ ತಿನ್ನತೊಡಗಿ, ಇನ್ನಷ್ಟು ಕಾಲ ಬದುಕಿದವು. ಪ್ರಾಯ ತರುವ ಗ್ರಂಥಿಯೇ ಸಾವನ್ನೂ ತರುತ್ತದೆ! ಸ್ಕ್ವಿಡ್‌ಗಳಲ್ಲೂ ಈ ಗ್ರಂಥಿ ಇದೆ.

ಇನ್ನು ಬೆಳವಣಿಗೆಯ ಕಡೆ. ನಾವು ಒಂದು ವಯಸ್ಸಿಗೆ ಬೆಳೆದು ನಿಲ್ಲುತ್ತೇವೆ. ಬಹಳಷ್ಟು ಮೀನುಗಳು ನಿಲ್ಲದಿದ್ದರೂ ಗತಿ ತಗ್ಗಿಸುತ್ತವೆ. ಸ್ಕ್ವಿಡ್‌ಗೆ ಆ ತಾಳ್ಮೆ ಇಲ್ಲ. ಇರುವ ಸ್ನಾಯುವಿನ ಎಳೆಗಳು ದಪ್ಪವಾಗುವುದರ ಜೊತೆಗೆ ಹೊಸ ಎಳೆಗಳು ಹುಟ್ಟುತ್ತಲೇ ಇರುತ್ತವೆ. ಕೊಬ್ಬು ಕೂಡಿಡುವ ಚಾಳಿ ಕಡಿಮೆ. ತಿಂದದ್ದು ನೇರವಾಗಿ ಮಾಂಸವಾಗುತ್ತದೆ. ಸೀಗಡಿ, ಸಣ್ಣ ಮೀನು, ಸಿಕ್ಕರೆ ತನ್ನದೇ ಜಾತಿಯ ಮರಿಗಳು, ಯಾವುದೂ ಅದಕ್ಕೆ ವರ್ಜ್ಯವಲ್ಲ. ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು ನೀರಿನ ಬಿಸಿ ನಿರ್ಧರಿಸುತ್ತದೆ. ಅಮೆರಿಕದ ಜಾನ್ ಫೋರ್ಸೈತ್ 1993ರಲ್ಲಿ ಮುಂದಿಟ್ಟ ವಾದ ಇದು: ಮರಿಯಾದ ಮೊದಲ ವಾರಗಳಲ್ಲಿ ನೀರು ಸ್ವಲ್ಪ ಬೆಚ್ಚಗಿದ್ದರೂ ಸಾಕು, ಕೆಲವೇ ತಿಂಗಳಲ್ಲಿ ಮೈತೂಕದ ವ್ಯತ್ಯಾಸ ಹಲವು ಪಟ್ಟಾಗುತ್ತದೆ. ಹಾಗಾಗಿ ನೀರು ಬಿಸಿಯೇರುವ ತಿಂಗಳಲ್ಲಿ ತಡವಾಗಿ ಹುಟ್ಟಿದ ತಂಡ, ಮೊದಲು ಹುಟ್ಟಿದ ಅಕ್ಕಂದಿರನ್ನು ಹಿಂದಿಕ್ಕಿ ಬೆಳೆಯಬಲ್ಲದು. ಬಿಸಿಗೆ ಬೇಗ ಬೆಳೆದವು ಬೇಗ ಪ್ರಾಯಕ್ಕೆ ಬರುವುದೂ ಉಂಟು. ಒಂದೇ ಬುಟ್ಟಿಯಲ್ಲಿ ಗೇಣುದ್ದದ ಎಳೆಯ ಹೆಣ್ಣೂ ಅದರ ಅರ್ಧದಷ್ಟಿರುವ ತುಂಬು ಬಸಿರಿಯೂ ಸಿಗುವುದರ ಗುಟ್ಟು ಇಲ್ಲಿದೆ. ಉದ್ದ ನೋಡಿ ವಯಸ್ಸು ಹೇಳುವ ಹಾಗಿಲ್ಲ, ವಯಸ್ಸು ನೋಡಿ ಬಸಿರು ಹೇಳುವ ಹಾಗೂ ಇಲ್ಲ.

ಇದು ಸಂಶೋಧಕರನ್ನೇ ದಾರಿ ತಪ್ಪಿಸಿದ ಕಥೆಯೂ ಹೌದು. ಮೀನಿನ ವಯಸ್ಸು ಕಂಡುಹಿಡಿಯಲು ಬಳಕೆಯಲ್ಲಿದ್ದ ಉಪಾಯ, ತಿಂಗಳು ತಿಂಗಳೂ ನೂರಾರು ಮೀನುಗಳ ಉದ್ದ ಅಳೆದು, ಯಾವ ಗುಂಪು ಎಷ್ಟು ಮುಂದಕ್ಕೆ ಸರಿಯಿತು ಎಂದು ನೋಡುವುದು. ವರ್ಷಕ್ಕೊಮ್ಮೆ ಮೊಟ್ಟೆಯಿಡುವ ಮೀನಿಗೆ ಇದು ಸರಿ. ಬೊಂಡಾಸ್‌ನಲ್ಲಿ ಬಲಿತ ಹೆಣ್ಣುಗಳು ವರ್ಷದ ಬಹುತೇಕ ಎಲ್ಲ ತಿಂಗಳೂ ಸಿಗುತ್ತವೆ, ಏರಿಳಿತ ಇದೆ ಅಷ್ಟೆ. ತಂಡದ ಮೇಲೆ ತಂಡ ಬಂದು ಒಂದರೊಳಗೊಂದು ಬೆರೆಯುವಾಗ ಗುಂಪು ಸರಿದದ್ದು ಕಾಣುವುದಾದರೂ ಹೇಗೆ? ಉದ್ದದ ಲೆಕ್ಕ ಉಷ್ಣವಲಯದ ಸ್ಕ್ವಿಡ್‌ಗಳಿಗೆ ಇಲ್ಲದ ಆಯಸ್ಸನ್ನು ಕೊಟ್ಟುಬಿಡುತ್ತಿತ್ತು. ನಿಜ ಹೊರಬಂದದ್ದು ಅವುಗಳ ತಲೆಯೊಳಗಿನ ಸ್ಟಾಟೋಲಿತ್ ಎಂಬ ಸುಣ್ಣದ ಹರಳಿನಿಂದ. ತೋಲ ತಿಳಿಸುವ ಈ ಹರಳಿನಲ್ಲಿ ದಿನಕ್ಕೊಂದು ಗೆರೆ ಬೀಳುತ್ತದೆ. ದಿನಕ್ಕೊಂದೇ ಎಂದು ಖಾತ್ರಿ ಮಾಡಿಕೊಳ್ಳಲು ಜೀವಂತ ಸ್ಕ್ವಿಡ್‌ಗೆ ಟೆಟ್ರಾಸೈಕ್ಲಿನ್ ಕೊಟ್ಟು ಹರಳಿಗೆ ಗುರುತು ಹಾಕಿ, ಕೆಲವು ದಿನ ಸಾಕಿ, ಆಮೇಲೆ ಗುರುತಿನಾಚೆಯ ಗೆರೆಗಳನ್ನು ಎಣಿಸಿದರು. ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಕಡಲಲ್ಲಿ ಜಾರ್ಜ್ ಜಾಕ್ಸನ್ ಹೀಗೆ ಎಣಿಸಿದಾಗ, ನಮ್ಮ ಬೊಂಡಾಸ್‌ನ ಹತ್ತಿರದ ನೆಂಟರು 200 ದಿನ ಕೂಡ ಬದುಕುವುದಿಲ್ಲ ಎಂದು ತಿಳಿಯಿತು. ಅಷ್ಟರಲ್ಲೇ ಹುಟ್ಟು, ಬೆಳವಣಿಗೆ, ಪ್ರಾಯ, ಮೊಟ್ಟೆ, ಸಾವು ಎಲ್ಲವೂ.

ಜೋಳದ ಹೋಲಿಕೆ ಮುರಿದುಬೀಳುವುದು ಇಲ್ಲಿಯೇ, ಮುರಿದದ್ದೂ ಒಳ್ಳೆಯದೇ. ನ್ಯೂಜಿಲೆಂಡ್ ಸುತ್ತಲಿನ ಆಳ ಕಡಲಿನಲ್ಲಿ ಒನಿಕಿಯಾ ಇಂಜೆನ್ಸ್ ಎಂಬ ದೊಡ್ಡ ಸ್ಕ್ವಿಡ್ ಇದೆ. ಅದರ ಹೆಣ್ಣು ಪಕ್ಕಾ ಜೋಳದ ದಂಟು. ಮೊಟ್ಟೆ ಬಲಿಯುತ್ತಿದ್ದಂತೆ ಮೈಗೋಡೆಯ ಸ್ನಾಯು ಕರಗಿ, ತೆಳುವಾಗಿ, ಲೋಳೆಯಂತಾಗುತ್ತದೆ ಎಂದು ಇದೇ ಜಾಕ್ಸನ್ ಮತ್ತು ಜೊತೆಗಾರರು 1994ರಲ್ಲಿ ವರದಿ ಮಾಡಿದರು. ದಂಡೆಯ ಸಮೀಪದ ಬೊಂಡಾಸ್ ಬಳಗ ಇಷ್ಟು ದೂರ ಹೋಗುವುದಿಲ್ಲ. ಬಸಿರಿನ ಖರ್ಚನ್ನು ಅವು ಬಹುಪಾಲು ಅಂದಂದಿನ ಊಟದಿಂದಲೇ ತೂಗಿಸುತ್ತವೆ. ಮೊಟ್ಟೆಯನ್ನು ಒಂದೇ ಏಟಿಗೆ ಸುರಿಯದೆ, ಕಂತು ಕಂತಾಗಿ ಇಡುತ್ತ, ನಡುವೆ ತಿನ್ನುತ್ತ, ಕೆಲವೊಮ್ಮೆ ಬೆಳೆಯುತ್ತಲೂ ಇರುತ್ತವೆ. ಆದರೆ ಬಾಯಿ ಒಂದೇ, ಹೊಟ್ಟೆಯೊಳಗಿನ ಜಾಗವೂ ಒಂದೇ. ಅಂಡಾಶಯ, ಗ್ರಂಥಿಗಳು ಉಬ್ಬಿದಷ್ಟೂ ಮೈ ಬೆಳೆಸಲು ಉಳಿಯುವುದು ಕಡಿಮೆ. ನಮ್ಮ ಜಾತಿಯಲ್ಲಿ ಗಂಡು 30 ಸೆಂ.ಮೀ. ಹತ್ತಿರ ಹೋಗುವುದುಂಟು, ಹೆಣ್ಣು ಅಷ್ಟು ದೊಡ್ಡದಾಗುವುದಿಲ್ಲ. ಬಸಿರಿನ ಖರ್ಚು ಎಷ್ಟು ಎಂಬುದು ಈ ಅಂತರದಲ್ಲೇ ಕಾಣುತ್ತದೆ ಎಂದು ನನ್ನ ಎಣಿಕೆ.

ಗಂಡುಗಳ ಬಗ್ಗೆ ಎರಡು ಮಾತು ಸಾಕು. ಗಂಡು ತನ್ನ ಎಡ ಕೆಳತೋಳಿನ ಮಾರ್ಪಟ್ಟ ತುದಿಯಿಂದ ವೀರ್ಯದ ಪೊಟ್ಟಣಗಳನ್ನು ಹೆಣ್ಣಿಗೆ ದಾಟಿಸುತ್ತದೆ. ಜಪಾನಿನ ಒಂದು ಸ್ಕ್ವಿಡ್‌ನಲ್ಲಿ ದೊಡ್ಡ ಗಂಡು ಹೆಣ್ಣಿನ ಮೈಯೊಳಗೆ, ಅಂಡನಾಳದ ಬಾಯಿಯ ಬಳಿ ಪೊಟ್ಟಣ ಇಟ್ಟರೆ, ಕಳ್ಳತನದಿಂದ ನುಗ್ಗುವ ಸಣ್ಣ ಗಂಡು ಅವಳ ಬಾಯಿಯ ಹತ್ತಿರ ಅಂಟಿಸಿ ಓಡುತ್ತದೆ. ಬಾಯಿಯ ಕೆಳಗೆ ಹೆಣ್ಣಿಗೆ ಅದನ್ನು ಕಾಪಿಡುವ ಚೀಲವೂ ಇದೆ. ಇಷ್ಟೆಲ್ಲ ಗಂಡುಗಳ ಕಾಟದಿಂದ ತಪ್ಪಿಸಿಕೊಳ್ಳಲು ಕ್ಯಾಲಿಫೋರ್ನಿಯಾದ ಹೆಣ್ಣು ಸ್ಕ್ವಿಡ್ ಹೂಡುವ ಆಟವೊಂದು 2013ರಲ್ಲಿ ಬೆಳಕಿಗೆ ಬಂತು. ಅವಳ ಬೆನ್ನಿನ ಮೇಲೆ ಬೇಕೆಂದಾಗ ಹೊತ್ತಿ, ಬೇಡವೆಂದಾಗ ಆರುವ ಬಿಳಿಯ ಪಟ್ಟೆ ಇದೆ. ಹೊತ್ತಿದಾಗ ಅದು ಗಂಡಿನ ಪಾರದರ್ಶಕ ಮೈಯೊಳಗೆ ಕಾಣುವ ವೃಷಣದಂತೆಯೇ ಕಾಣುತ್ತದೆ. ನೋಡಿದ ಗಂಡು ಇವನೂ ನನ್ನಂತೆಯೇ ಎಂದುಕೊಂಡು ಸರಿದುಹೋಗಲಿ ಎಂಬುದು ಹೂಟ ಇರಬೇಕು ಎಂದು ಸಾಂಟಾ ಬಾರ್ಬರಾದ ಸಂಶೋಧಕರ ಊಹೆ. ಊಹೆಯಾದರೂ ಸೊಗಸಾಗಿದೆ.

ಮೊಟ್ಟೆ ಇಡುವ ಹೊತ್ತು ಬಂದಾಗ ಬೊಂಡಾಸ್‌ಗಳು ದೊಡ್ಡ ಹಿಂಡಾಗಿ ಕೂಡುತ್ತವೆ. ಅಂಡನಾಳದಿಂದ ಇಳಿದ ಮೊಟ್ಟೆಗಳ ಸಾಲಿಗೆ ಆ ಬಿಳಿ ಗ್ರಂಥಿಗಳು ಲೋಳೆಯ ಹೊದಿಕೆ ಸುತ್ತುತ್ತವೆ. ಹೆಣ್ಣು ಅದನ್ನು ತೋಳುಗಳ ನಡುವೆ ಹಿಡಿದು, ತಳದ ಮರಳಿಗೋ ಕಲ್ಲಿಗೋ ಒಂದು ತುದಿಯನ್ನು ಅಂಟಿಸುತ್ತದೆ. ನೀರು ಕುಡಿದು ಉಬ್ಬಿದ ಮೇಲೆ ಅದು ಬೆರಳಿನಾಕಾರದ ಬೆಳ್ಳನೆಯ ಕೋಶ. ಒಬ್ಬಳು ಇಟ್ಟ ಕಡೆಯೇ ಇನ್ನೊಬ್ಬಳು, ಅಲ್ಲಿಯೇ ಮತ್ತೊಬ್ಬಳು ಇಡುತ್ತಾಳೆ. ಕೋಶಗಳ ಮೇಲ್ಮೈಯಲ್ಲಿರುವ ಒಂದು ಪ್ರೋಟೀನ್ ತಾಗಿದ ಗಂಡುಗಳು ಕೂಡಲೇ ಜಗಳಕ್ಕೆ ಬೀಳುತ್ತವೆ ಎಂದು ಅಟ್ಲಾಂಟಿಕ್ ಕಡಲ ಸ್ಕ್ವಿಡ್‌ನಲ್ಲಿ 2011ರಲ್ಲಿ ಪತ್ತೆಯಾಯಿತು. ನಮ್ಮ ಕರಾವಳಿಯಲ್ಲೂ ಇಂಥ ಕೂಟಗಳಿವೆ. ಮಂಗಳೂರು ಮತ್ತು ಮಲ್ಪೆಯಾಚೆಯ ಅರಬ್ಬಿ ಸಮುದ್ರದಲ್ಲಿ ಮೊಟ್ಟೆಯಿಡಲು ಕೂಡುವ ಬೊಂಡಾಸ್ ಹಿಂಡುಗಳ ಬಗ್ಗೆ ಸುನಿಲ್ ಮೊಹಮ್ಮದ್ 1993ರಲ್ಲೇ ಬರೆದಿದ್ದಾರೆ. ಮೀನುಗಾರನಿಗೆ ಇದಕ್ಕಿಂತ ಸುಲಭದ ಬೇಟೆ ಇನ್ನೊಂದಿಲ್ಲ. ಟ್ರಾಲ್ ಬಲೆ ತಳ ಸವರಿಕೊಂಡು ಹೋದಾಗ ಹಿಂಡೂ ಬರುತ್ತದೆ, ಅಂಟಿಸಿದ ಕೋಶಗಳೂ ಕಿತ್ತು ಬರುತ್ತವೆ.

ಬೊಂಡಾಸ್‌ನ ನೆಂಟ ಕಟ್ಲ್‌ಫಿಶ್‌ನ ಕಥೆ ಇನ್ನೂ ಕಠೋರ. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರನೊರೆ ಎಂದು ಸಿಗುವ ಹಗುರ ಬಿಳಿ ತುಂಡು ಇದರ ಬೆನ್ನಿನ ಓಡು, ಒಳನಾಡಿಗೂ ಪರಿಚಯದ ವಸ್ತು. ಇದರ ಹೆಣ್ಣಿಗೆ ಮೊಟ್ಟೆ ಅಂಟಿಸಲು ಕಡ್ಡಿ ಕೊಂಬೆಯಂಥದ್ದು ಏನಾದರೂ ಬೇಕು. ಇದನ್ನು ಅರಿತವರು ತೆಂಗಿನ ಹೊಂಬಾಳೆ, ಗರಿಗಳನ್ನು ಕಟ್ಟಿ, ಭಾರ ಹಾಕಿ ಕರ್ನಾಟಕದ ಕಡಲ ತಳಕ್ಕೆ ಇಳಿಬಿಟ್ಟರು. ಮೊಟ್ಟೆಗೆ ಜಾಗ ಹುಡುಕಿ ಬಂದ ದೊಡ್ಡ ಕಟ್ಲ್‌ಫಿಶ್‌ಗಳನ್ನು ಗಾಳ ಹಾಕಿ ಎತ್ತಿದರು. ಮೊಟ್ಟೆಯಿಡುವ ತಾಯಂದಿರನ್ನೇ ಆರಿಸಿ ಹಿಡಿದರೆ ಮುಂದಿನ ತಲೆಮಾರಿನ ಗತಿ ಏನು ಎಂದು ಮಂಗಳೂರಿನ ಸಂಶೋಧಕಿ ಗೀತಾ ಶಶಿಕುಮಾರ್ ಮತ್ತು ಸಂಗಡಿಗರು ಪ್ರಶ್ನಿಸಿದರು. ಇದೇ ಕಾರಣಕ್ಕೆ ಟ್ರಾಲ್ ಬೋಟಿನವರಿಗೂ ಗಾಳದವರಿಗೂ ನಡುಗಡಲಲ್ಲಿ ತಕರಾರು ಆದದ್ದುಂಟು.

ಹಾಗಾದರೆ ಬೊಂಡಾಸ್‌ಗೆ ಕಾನೂನು ಏನು ಮಾಡಬಲ್ಲದು? ಕೇರಳ 8 ಸೆಂ.ಮೀ.ಗಿಂತ ಚಿಕ್ಕದನ್ನು ಹಿಡಿಯಬಾರದು ಎಂದಿದೆ. ಒಂದು ಸಲವಾದರೂ ಮೊಟ್ಟೆಯಿಡಲು ಅವಕಾಶ ಸಿಗಲಿ ಎಂಬುದು ಇದರ ಹಿಂದಿನ ವಿಚಾರ. ವಿಚಾರ ಸರಿಯೇ. ಆದರೆ ಮೊದಲ ಬಸಿರಿನ ಉದ್ದ ಒಂದು ಬಂದರಿಗೂ ಇನ್ನೊಂದು ಬಂದರಿಗೂ, ಒಂದು ಕಾಲಕ್ಕೂ ಇನ್ನೊಂದು ಕಾಲಕ್ಕೂ ಬದಲಾಗುವ ಪ್ರಾಣಿಗೆ ಒಂದೇ ಅಂಕಿ ಗಟ್ಟಿ ನಿಲ್ಲುವುದು ಕಷ್ಟ. ಸಣ್ಣ ಮೈಯ ಬಸಿರಿಗಳು ಹೆಚ್ಚಿರುವ ವರ್ಷ ಅದು ಸಾಕಾಗಬಹುದು, ದೊಡ್ಡದಾಗಿ ಬೆಳೆದು ತಡವಾಗಿ ಬಲಿಯುವ ತಂಡ ಬಂದ ವರ್ಷ ಕನ್ಯೆಯರನ್ನೇ ಬಾಚಿ ಕೊಡಬಹುದು. ಇನ್ನೊಂದು ಕ್ರಮ ಮಳೆಗಾಲದ ರಜೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಎರಡು ತಿಂಗಳು ಎಂದರೆ ಬಂಗುಡೆಯ ಆಯಸ್ಸಿನಲ್ಲಿ ಸಣ್ಣ ಪಾಲು, ಬೊಂಡಾಸ್‌ನ ಆಯಸ್ಸಿನಲ್ಲಿ ದೊಡ್ಡ ಪಾಲು. ಮೇ ಕೊನೆಗೆ ಅಂಟಿಸಿದ ಕೋಶಗಳು ಯಾರ ಕಾಟವೂ ಇಲ್ಲದೆ ಒಡೆದು, ಕೆಲವೇ ಮಿಲಿಮೀಟರಿನ ಮರಿಗಳು ಆಗಸ್ಟ್‌ವರೆಗೆ ನೆಮ್ಮದಿಯಿಂದ ತಿಂದು ಬೆಳೆಯುತ್ತವೆ. ಇದನ್ನು ಬೊಂಡಾಸ್‌ಗಾಗಿ ಯಾರೂ ಗೊತ್ತುಮಾಡಲಿಲ್ಲ. ಆದರೂ ಆ ಉದ್ದದ ಅಂಕಿಗಿಂತ ಈ ರಜೆಯೇ ಅದಕ್ಕೆ ಹೆಚ್ಚು ಉಪಕಾರಿ ಎಂದು ನನಗನಿಸುತ್ತದೆ.

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ 1987ರಿಂದ ಬೇರೆಯೇ ಪದ್ಧತಿ ನಡೆದಿದೆ. ಅಲ್ಲಿ ಸ್ಕ್ವಿಡ್ ಹಿಡಿಯಲು ಬರುವ ಹಡಗುಗಳೆಲ್ಲ ಲೈಸೆನ್ಸ್ ಪಡೆದವು. ಋತು ನಡೆಯುತ್ತಿರುವಾಗಲೇ ಎಷ್ಟು ಸಿಕ್ಕಿತು, ಕಡಲಲ್ಲಿ ಇನ್ನೆಷ್ಟು ಉಳಿದಿರಬಹುದು ಎಂದು ಲೆಕ್ಕ ಹಾಕುತ್ತ ಹೋಗುತ್ತಾರೆ. ಹಿಡಿಯದೇ ಇದ್ದಿದ್ದರೆ ಮೊಟ್ಟೆಯಿಡುವವರೆಗೆ ಬದುಕುತ್ತಿದ್ದವುಗಳಲ್ಲಿ ಸುಮಾರು ಶೇ. 40 ಉಳಿಯಬೇಕು ಎಂಬುದು ಗುರಿ. ಅದಕ್ಕಿಂತ ಕೆಳಗೆ ಇಳಿಯುವ ಸೂಚನೆ ಸಿಕ್ಕರೆ ಋತುವನ್ನು ಅರ್ಧಕ್ಕೇ ಮುಚ್ಚುತ್ತಾರೆ. ಒಂದು ವರ್ಷದ ಜೀವಿಯನ್ನು ವರ್ಷದ ಲೆಕ್ಕದಲ್ಲೇ ಕಾಯುವ ಈ ಜಾಣತನ ಮಂಗಳೂರಿಗೆ ಹಾಗೆಯೇ ತರಲು ಬರುವುದಿಲ್ಲ. ಇಲ್ಲಿ ಬೊಂಡಾಸ್‌ಗೆಂದೇ ಹೋಗುವ ಬೋಟು ಕಡಿಮೆ. ಒಂದೇ ಟ್ರಾಲ್ ಬಲೆಯಲ್ಲಿ ರಾಣಿ ಮೀನು, ಸೀಗಡಿ, ಕಟ್ಲ್‌ಫಿಶ್, ಬೊಂಡಾಸ್ ಎಲ್ಲ ಕೂಡಿ ಬರುತ್ತವೆ. ಡೀಸೆಲ್ ಸುಟ್ಟು ವಾರಗಟ್ಟಲೆ ಕಡಲಲ್ಲಿದ್ದ ಬೋಟಿನ ಮುಖಂಡ ತಾಂಡೇಲನಿಗೆ, ಬೊಂಡಾಸ್ ತಾಯಂದಿರು ಕಡಿಮೆಯಾದರು, ಬಲೆ ಎತ್ತು ಎಂದರೆ ಉಳಿದ ಮೂರರ ಗತಿ ಏನು ಎಂದು ಕೇಳುತ್ತಾನೆ. ಆಗಬಹುದಾದ ಕೆಲಸ ಎಂದರೆ ಕೂಟ ಸೇರುವ ತಾವುಗಳನ್ನು ಗುರುತಿಸಿ, ಹಿಂಡು ಕೂಡಿದ ಕೆಲವು ವಾರ ಆ ತಾವನ್ನು ಮಾತ್ರ ಬಿಟ್ಟು ಬಲೆ ಎಳೆಯುವುದು. ಯಾವ ತಾವಿನಲ್ಲಿ, ಯಾವ ಆಳದಲ್ಲಿ ಹಿಂಡು ಸಿಗುತ್ತದೆ ಎಂಬುದು ತಾಂಡೇಲರಿಗೆ ಸಂಶೋಧಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.